ಬ್ಯಾಟರಿ ಸರಿಯಿದೆ, ಕಾರು ಸ್ಟಾರ್ಟ್ ಆಗುತ್ತಿಲ್ಲ: ಗೇರ್‌ಬಾಕ್ಸ್ ಕಾರಣವಿರಬಹುದೇ?

ಬೆಳಗ್ಗೆ ಕೆಲಸಕ್ಕೆ ಹೊರಡುವ ಹೊತ್ತು. ಕೀಲಿ ತಿರುಗಿಸುತ್ತೀರಿ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಬೆಳಗುತ್ತವೆ, ಎಂಜಿನ್ ಮಾತ್ರ ಸದ್ದೇ ಮಾಡುವುದಿಲ್ಲ. "ಬ್ಯಾಟರಿ ಹೋಗಿರಬೇಕು" ಎನ್ನುತ್ತಾರೆ ಪಕ್ಕದ ಮನೆಯವರು. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಮೌನ! ಆಟೋಮ್ಯಾಟಿಕ್ ಕಾರುಗಳಲ್ಲಿ ಹೀಗಾದಾಗ ತೊಂದರೆ ಇರುವುದು ಗೇರ್‌ಬಾಕ್ಸ್ ಕಳಿಸಬೇಕಾದ ಒಂದು ಸಣ್ಣ ಸಂಕೇತದಲ್ಲಿರಬಹುದು.

ಗೇರ್‌ಬಾಕ್ಸಿಗೂ ಸ್ಟಾರ್ಟರಿಗೂ ಏನು ನಂಟು?

ಗೇರಿನಲ್ಲಿರುವಾಗಲೇ ಎಂಜಿನ್ ಚಾಲೂ ಆದರೆ ಕಾರು ತಟ್ಟನೆ ಮುಂದಕ್ಕೋ ಹಿಂದಕ್ಕೋ ನುಗ್ಗಬಹುದು. ಹಾಗಾಗದಿರಲೆಂದೇ ಆಟೋಮ್ಯಾಟಿಕ್ ಕಾರುಗಳು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದಾಗ ಮಾತ್ರ ಸ್ಟಾರ್ಟ್ ಆಗುತ್ತವೆ. ಗೇರ್ ಲಿವರ್ ಎಲ್ಲಿದೆ ಎಂದು ತಿಳಿಸುವ ಕೆಲಸ 'ರೇಂಜ್ ಸೆನ್ಸರ್' ಎಂಬ ಬಿಡಿಭಾಗದ್ದು. ಹಳೆಯ ಕಾರುಗಳಲ್ಲಿ ಇದೇ ಕೆಲಸ ಮಾಡುವ ಸರಳ ಸಾಧನಕ್ಕೆ ನ್ಯೂಟ್ರಲ್ ಸೇಫ್ಟಿ ಸ್ವಿಚ್ ಎಂಬ ಹೆಸರಿದೆ. "ನಾನು ಪಾರ್ಕ್‌ನಲ್ಲಿದ್ದೇನೆ" ಎಂಬ ಸಂಕೇತ ಬಾರದಿದ್ದರೆ, ಕಾರಿನ ಕಂಪ್ಯೂಟರ್ ಸ್ಟಾರ್ಟರ್ ಮೋಟಾರಿಗೆ ಆದೇಶವನ್ನೇ ಕೊಡುವುದಿಲ್ಲ.

ಅನೇಕ ಕಾರುಗಳಲ್ಲಿ ಈ ಸೆನ್ಸರ್ ಗೇರ್‌ಬಾಕ್ಸಿನ ಹೊರಮೈಯಲ್ಲಿರುತ್ತದೆ. ನೀರು, ಕೆಸರು, ಬಿಸಿ ಎಲ್ಲವೂ ಅದಕ್ಕೆ ತಾಗುತ್ತವೆ. ಕನೆಕ್ಟರಿನೊಳಗೆ ತುಕ್ಕು ಹಿಡಿಯುವುದು, ವೈರು ತುಂಡಾಗುವುದು, ಲಿವರಿನ ಕೇಬಲ್ ಸಡಿಲವಾಗುವುದು ಸಾಮಾನ್ಯ ಕಾರಣಗಳು.

ಭಾರತದಲ್ಲಿ 2014ರ ಮಾರುತಿ ಸೆಲೆರಿಯೊ ಜನಪ್ರಿಯಗೊಳಿಸಿದ ಎಎಂಟಿ ಗೇರ್‌ಬಾಕ್ಸಿನ ಕತೆ ಸ್ವಲ್ಪ ಬೇರೆ. ಅದು ಮೂಲತಃ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಆಕ್ಚುಯೇಟರ್ ಮಾಡುತ್ತದೆ. ಇಂತಹ ಬಹುತೇಕ ಕಾರುಗಳಲ್ಲಿ ಪಾರ್ಕ್ ಸ್ಥಾನವೇ ಇಲ್ಲ. ಲಿವರ್ ನ್ಯೂಟ್ರಲ್‌ನಲ್ಲಿದ್ದು ಬ್ರೇಕ್ ಒತ್ತಿದರೆ ಕಾರು ಸ್ಟಾರ್ಟ್ ಆಗುತ್ತದೆ. ಆಕ್ಚುಯೇಟರ್ ಕೆಟ್ಟು ಗೇರ್ ಒಳಗೇ ಸಿಕ್ಕಿಕೊಂಡರೆ, ಲಿವರ್ ನ್ಯೂಟ್ರಲ್ ತೋರಿಸಿದರೂ ಎಂಜಿನ್ ಚಾಲೂ ಆಗದಿರಬಹುದು.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು

ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ ಈ ಪರೀಕ್ಷೆಗಳನ್ನು ಮಾಡಿ. ಕಾರಿನ ಮುಂದೆ, ಹಿಂದೆ ಯಾರೂ ನಿಂತಿರಬಾರದು.

1. ಹೆಡ್‌ಲೈಟ್ ಹಾಕಿ ಸ್ಟಾರ್ಟ್ ಮಾಡಿ. ದೀಪ ತೀರಾ ಮಂಕಾದರೆ ಅಥವಾ ಟಕಟಕ ಸದ್ದು ಬಂದರೆ ಬ್ಯಾಟರಿ ಇಲ್ಲವೇ ಅದರ ಟರ್ಮಿನಲ್ ಮೇಲೆ ಅನುಮಾನ. ದೀಪ ಪ್ರಖರವಾಗಿಯೇ ಇದ್ದು ಸದ್ದೇ ಇಲ್ಲದಿದ್ದರೆ, ಸ್ಟಾರ್ಟರಿಗೆ ಆದೇಶ ತಲುಪುತ್ತಿಲ್ಲದಿರಬಹುದು.

2. ಪಾರ್ಕ್‌ನಲ್ಲಿ ಆಗದಿದ್ದರೆ ನ್ಯೂಟ್ರಲ್‌ನಲ್ಲಿ ಪ್ರಯತ್ನಿಸಿ. ಆಗ ಸ್ಟಾರ್ಟ್ ಆದರೆ ರೇಂಜ್ ಸೆನ್ಸರ್ ಅಥವಾ ಕೇಬಲ್ ಹೊಂದಾಣಿಕೆ ತಪ್ಪಿದೆ ಎಂದೇ ಹೇಳಬಹುದು.

3. ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಕ್ಷರ ಕಾಣದಿದ್ದರೆ, ಮಿನುಗುತ್ತಿದ್ದರೆ ಅಥವಾ ಲಿವರಿಗೆ ಹೊಂದದಿದ್ದರೆ ಅದೂ ಇದೇ ಸುಳಿವು.

4. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ಎಂದು ಬದಿಯಲ್ಲಿ ನಿಂತ ಒಬ್ಬರಿಗೆ ನೋಡಲು ಹೇಳಿ. ಹತ್ತದಿದ್ದರೆ ಬ್ರೇಕ್ ಸ್ವಿಚ್ ಅಥವಾ ಫ್ಯೂಸ್ ಹೋಗಿರಬಹುದು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಿಗೆ ಈ ಸ್ವಿಚ್ಚಿನ ಸಂಕೇತವೂ ಬೇಕು.

5. ಎಂಜಿನ್ ತಿರುಗುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲವೆಂದರೆ ಗೇರ್‌ಬಾಕ್ಸನ್ನು ಬಹುಮಟ್ಟಿಗೆ ಬಿಟ್ಟುಬಿಡಿ. ಇಂಧನ, ಸ್ಪಾರ್ಕ್ ಅಥವಾ ಕೀಲಿಯನ್ನು ಗುರುತಿಸುವ ಇಮೊಬಿಲೈಸರ್ ಕಡೆ ನೋಡಬೇಕು.

ಸ್ಕ್ಯಾನರ್ ಏನು ಹೇಳುತ್ತದೆ?

ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ಕಂಪ್ಯೂಟರ್ ಬರೆದಿಟ್ಟುಕೊಂಡ ದೋಷಸಂಕೇತಗಳು ಸಿಗುತ್ತವೆ. ಪಿ0705 ಎಂದರೆ ರೇಂಜ್ ಸೆನ್ಸರಿನ ಸರ್ಕ್ಯೂಟ್‌ನಲ್ಲಿ ದೋಷ. ಯು0101 ಎಂದರೆ ಗೇರ್‌ಬಾಕ್ಸಿನ ಕಂಪ್ಯೂಟರಿನೊಂದಿಗೆ ಸಂಪರ್ಕ ತಪ್ಪಿದೆ ಎಂದರ್ಥ.

ಗಮನಿಸಿ, ಸಂಕೇತ ತೋರಿಸುವುದು ಎಲ್ಲಿ ಹುಡುಕಬೇಕು ಎಂಬುದನ್ನಷ್ಟೇ. ಯಾವ ಭಾಗ ಬದಲಿಸಬೇಕು ಎಂಬುದನ್ನಲ್ಲ. ಯು0101 ಬಂದ ಮಾತ್ರಕ್ಕೆ ದುಬಾರಿ ಕಂಪ್ಯೂಟರ್ ಕೊಳ್ಳಬೇಡಿ. ಅದರ ಫ್ಯೂಸ್, ವಿದ್ಯುತ್ ಪೂರೈಕೆ, ಅರ್ಥಿಂಗ್ ಮೊದಲು ನೋಡಬೇಕು. ಆಮೇಲೆ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಕ್ಯಾನ್ ಜಾಲದ ಸರದಿ. ಇದರ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೋಧಕ ಇರುತ್ತದೆ. ಬ್ಯಾಟರಿ ಬಿಚ್ಚಿ ಎರಡು ವೈರುಗಳ ನಡುವೆ ಅಳೆದಾಗ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ಒಂದು ಕಡೆ ಸಂಪರ್ಕ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ವೈರುಗಳು ಒಂದಕ್ಕೊಂದು ತಾಗಿವೆ.

ಬ್ಯಾಟರಿ ದುರ್ಬಲವಾಗಿದ್ದರೂ ಇಂತಹ ಸಂಕೇತಗಳು ಸುಳ್ಳೇ ಕಾಣಿಸಿಕೊಳ್ಳಬಹುದು. ಆದ್ದರಿಂದ ವೋಲ್ಟೇಜ್ ಅಳೆಯುವುದೇ ಮೊದಲ ಹೆಜ್ಜೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ.

ಎರಡು ತಪ್ಪು ನಂಬಿಕೆಗಳು

"ತಳ್ಳಿದರೆ ಸ್ಟಾರ್ಟ್ ಆಗುತ್ತದೆ": ಮ್ಯಾನ್ಯುಯಲ್ ಕಾರಿನಲ್ಲಿ ನಿಜ. ಸಾಮಾನ್ಯ ಆಟೋಮ್ಯಾಟಿಕ್‌ಗಳಲ್ಲಿ ಗೇರ್ ಹಿಡಿಯಲು ಎಣ್ಣೆಯ ಒತ್ತಡ ಬೇಕು. ಆ ಪಂಪು ಓಡುವುದು ಎಂಜಿನ್ನಿನಿಂದ. ಎಂಜಿನ್ ನಿಂತಿದ್ದರೆ ಒತ್ತಡವಿಲ್ಲ, ಚಕ್ರದ ತಿರುಗುವಿಕೆ ಎಂಜಿನ್ನನ್ನು ತಲುಪುವುದೂ ಇಲ್ಲ.

"ಸೆನ್ಸರಿನ ವೈರನ್ನು ನೇರವಾಗಿ ಜೋಡಿಸಿದರೆ ಸಾಕು": ಕಾರೇನೋ ಸ್ಟಾರ್ಟ್ ಆಗಬಹುದು, ಗೇರಿನಲ್ಲಿದ್ದರೂ ಸಹ! ಮುಂದೆ ಆಡುತ್ತಿರುವ ಮಗುವಿಗೆ, ಬಾನೆಟ್ ತೆರೆದು ನಿಂತ ಮೆಕ್ಯಾನಿಕ್‌ಗೆ ಅದು ಪ್ರಾಣಾಪಾಯ. ಯಾರಾದರೂ ಹೀಗೆ ಜೋಡಿಸಿಕೊಟ್ಟರೆ ಒಪ್ಪಬೇಡಿ. ಕೆಟ್ಟ ಭಾಗವನ್ನೇ ಸರಿಮಾಡಿಸಿ.

ಗ್ಯಾರೇಜಿಗೆ ಹೋದಾಗ "ಸ್ಟಾರ್ಟ್ ಆಗ್ತಿಲ್ಲ" ಎಂದಷ್ಟೇ ಹೇಳುವ ಬದಲು, "ಪಾರ್ಕ್‌ನಲ್ಲಿ ಆಗಲ್ಲ, ನ್ಯೂಟ್ರಲ್‌ನಲ್ಲಿ ಆಗುತ್ತೆ, ಹೆಡ್‌ಲೈಟ್ ಮಂಕಾಗಲ್ಲ" ಎಂದು ಹೇಳಿ ನೋಡಿ. ಹುಡುಕಾಟ ಅರ್ಧ ಮುಗಿದಂತೆಯೇ. ಬೇಡದ ಬ್ಯಾಟರಿ, ಸ್ಟಾರ್ಟರುಗಳ ಖರ್ಚೂ ಉಳಿದೀತು.