ಕೌಲು ಎಂಬ ಮಾತು

ಶಹಾಪುರ ತಾಲೂಕಿನ ಶಿರವಾಳದಲ್ಲಿ ಕಲ್ಲಿಗೆ ಬರವಿಲ್ಲ. ಹಾಳುಬಿದ್ದ ಗುಡಿಗಳ ಕಂಬ, ತೊಲೆ, ಬಾಗಿಲವಾಡಗಳು ಊರಿನ ಬದುಕಿನೊಳಗೇ ಸೇರಿಹೋಗಿವೆ. ನೋಡಲು ಹೋದವರು ಶಿಲ್ಪವನ್ನು ನೋಡಿ, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಎಂದು ಹೆಸರು ಹೇಳಿ ತಿರುಗಿ ಬರುತ್ತಾರೆ. ಇಷ್ಟು ಕಲ್ಲು ಕಡಿದವರ ಹೊಟ್ಟೆಗೆ ಜೋಳ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಕೃಷ್ಣೆ ಮತ್ತು ಭೀಮೆಯರ ನಡುವಿನ ಈ ಸಗರನಾಡು ಮಳೆಯನ್ನೇ ನಂಬಿದ ಸೀಮೆ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ, ಮಸಾರಿಯಲ್ಲಿ ಮುಂಗಾರಿ ಸಜ್ಜೆ, ತೊಗರಿ. ಎರಡು ವರ್ಷ ಸತತ ಮಳೆ ತಪ್ಪಿದರೆ ಗುಡಿ ಕಟ್ಟಿಸುವ ಮಾತಿರಲಿ, ಒಲೆ ಹೊತ್ತಿಸುವುದೇ ಕಷ್ಟ. ಇಂಥ ನೆಲದ ಮೇಲೆ ಅಂಥ ಗುಡಿಗಳೆದ್ದವೆಂದರೆ, ನೇಗಿಲಿನ ಹಿಂದೆ ಒಂದು ಆಡಳಿತವೂ ನಿಂತಿತ್ತು ಎಂದೇ ಅರ್ಥ.

ಆ ಕಾಲದ ಅರಸನ ಬಳಿ ಬೇಸಾಯಕ್ಕೆಂದು ಬೇರೆ ತೆಗೆದಿಟ್ಟ ಹಣದ ಪೆಟ್ಟಿಗೆ ಇರಲಿಲ್ಲ. ಇದ್ದದ್ದು ಬಿಟ್ಟುಕೊಡುವ ಅಧಿಕಾರ. ಕೆರೆ ಕಟ್ಟಿಸಿದವನಿಗೆ ಅದರ ನೀರುಣ್ಣುವ ಗದ್ದೆಯಲ್ಲಿ ಒಂದಷ್ಟನ್ನು ತೆರಿಗೆಯಿಲ್ಲದೆ ಬಿಡುತ್ತಿದ್ದರು. ಶಾಸನಗಳು ಅದನ್ನು ಕಟ್ಟುಕೊಡಗೆ ಎನ್ನುತ್ತವೆ. ಕೆರೆಯನ್ನು ಮುಂದೆ ಕಾಪಾಡಿಕೊಂಡು ಬರಲು ಬಿಟ್ಟದ್ದು ಬಿತ್ತುವಟ್ಟ. ಹತ್ತರಲ್ಲೊಂದು ಪಾಲಿನ ಲೆಕ್ಕದ್ದು ದಶವಂದ. ನೆಲವನ್ನು ಮತ್ತರಿನಲ್ಲಿ ಅಳೆದರು, ಇಷ್ಟೇ ಎಂದು ಗೊತ್ತುಮಾಡಿದ ತೆರಿಗೆಯನ್ನು ಸಿದ್ಧಾಯವೆಂದು ಕರೆದರು. ಎಲ್ಲವನ್ನೂ ಕಲ್ಲಿಗೆ ಬರೆಸಿ ಕೊನೆಯಲ್ಲಿ ಒಂದು ಶಾಪ ಹಾಕಿದರು: ಈ ಧರ್ಮವನ್ನು ಅಳಿಸಿದವನಿಗೆ ಕಾಶಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ. ನನಗೆ ಈ ಶಾಪ ಬರಿಯ ಅಲಂಕಾರವಾಗಿ ಕಾಣುವುದಿಲ್ಲ. ಅದು ಮುಂದೆ ಬರುವ ಅರಸನ ಕೈ ಕಟ್ಟುವ ಕಟ್ಟಳೆ. ಕೊಟ್ಟ ಮಾತನ್ನು ಕೊಟ್ಟವನ ಮಗನೇ ಮುರಿದಾನೆಂಬ ಭಯ ಆ ಕಾಲಕ್ಕೂ ಇತ್ತು.

1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು. ಹದಿನೈದನೆಯ ಶತಮಾನದಲ್ಲಿ ವಜೀರ ಮಹಮೂದ್ ಗವಾನ್ ತರಫುಗಳೆಂಬ ನಾಲ್ಕು ಪ್ರಾಂತಗಳನ್ನು ಎಂಟಾಗಿ ಒಡೆದ, ನೆಲ ಅಳೆಯಿಸಿದ. ಆಮೇಲೆ ಬಿಜಾಪುರದ ಆದಿಲಶಾಹಿ. ಕಲ್ಲಿನ ಮೇಲಿದ್ದ ಕಂದಾಯ ಕಾಗದಕ್ಕೆ ಇಳಿಯಿತು, ಕಾಗದದ ಜೊತೆ ಅರಬ್ಬಿ, ಫಾರಸಿ ಮಾತುಗಳು ಹೊಲಕ್ಕಿಳಿದವು. ಜಮಾಬಂದಿ, ಫಸಲಿ, ರಯತ, ಕಿಸ್ತು ಇವೆಲ್ಲ ನಮ್ಮವೇ ಆಗಿಹೋದವು. ಅವುಗಳಲ್ಲಿ ಎರಡು ಮಾತು ಈ ಕಥನಕ್ಕೆ ಮುಖ್ಯ. ಒಂದು ಕೌಲು, ಹುಟ್ಟಿದ ಭಾಷೆಯಲ್ಲಿ ಅದರ ಅರ್ಥ ‘ಮಾತು’, ಕೊಟ್ಟ ವಚನ. ಇನ್ನೊಂದು ತಗಾವಿ, ಅದರ ಮೂಲಾರ್ಥ ಬಲ ಕೊಡುವುದು. ನಾಲ್ಕುನೂರು ವರ್ಷ ದೊರೆಗಳು ಒಕ್ಕಲಿಗನಿಗೆ ಕೊಟ್ಟದ್ದು ಈ ಎರಡನ್ನೇ.

ಕೌಲಿನ ಹಿಂದೆ ದಯೆಗಿಂತ ಹೆಚ್ಚಾಗಿ ಭಯವಿತ್ತು. ಅಂದು ನೆಲ ಬೇಕಾದಷ್ಟಿತ್ತು, ಉಳುವವರು ಕಡಿಮೆ. ರಯತನ ಬಲವೆಲ್ಲ ಅವನ ಕಾಲಲ್ಲಿತ್ತು. ಪಟ್ಟಿ ಹೆಚ್ಚಾಯಿತೋ, ದಂಡು ಬಂತೋ, ರಾತ್ರಿ ಬಂಡಿ ಹೂಡಿ ಗಡಿ ದಾಟಿಬಿಡುತ್ತಿದ್ದ. 1705ರಲ್ಲಿ ಔರಂಗಜೇಬನ ದಂಡು ಇದೇ ಸೀಮೆಯ ಬೇಡ ನಾಯಕರ ವಾಗಣಗೇರಿಗೆ ಮುತ್ತಿಗೆ ಹಾಕಿತು. ಆ ಮುದಿ ಬಾದಶಹ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಬಿತ್ತು, ನಾಯಕ ಕೈಗೆ ಸಿಗಲಿಲ್ಲ. ಚರಿತ್ರೆಯ ಪುಸ್ತಕ ಅಲ್ಲಿಗೆ ಹಾಳೆ ತಿರುಗಿಸುತ್ತದೆ. ಅಷ್ಟು ಆನೆ, ಕುದುರೆ, ಎತ್ತುಗಳು ತಿಂಗಳುಗಟ್ಟಲೆ ಮೇಯ್ದು ಹೋದ ಸುತ್ತಿನ ಹಳ್ಳಿಗಳಲ್ಲಿ ಮರುವರ್ಷ ಕೂರಿಗೆ ಹೂಡಿದವರು ಯಾರು ಎಂಬುದು ಅದರಲ್ಲಿಲ್ಲ. ಹಾಳು ಬಿದ್ದ ಊರಿಗೆ ಜನ ತಿರುಗಿ ಬರಬೇಕಾದರೆ ದೊರೆ ಕೌಲು ಕೊಡಬೇಕಿತ್ತು. ಮೊದಲ ವರ್ಷ ಹೆಸರಿಗಷ್ಟೇ ಪಟ್ಟಿ. ಬರುವ ವರ್ಷ ಅದರ ಮೇಲಿಷ್ಟು, ಅದರಾಚೆಯ ವರ್ಷ ಮತ್ತಿಷ್ಟು. ಕರಾರಿನ ಅವಧಿ ತೀರಿದ ಮೇಲೆ ಪೂರ್ತಿ. ಇಂಥ ಏರುಕೌಲಿಗೆ ಇಸ್ತಾವಾ ಎಂದು ಹೆಸರು. ಅದರಲ್ಲಿ ಪಟ್ಟಿಯ ಲೆಕ್ಕವೊಂದೇ ಇರುತ್ತಿರಲಿಲ್ಲ, ಅಭಯವೂ ಇರುತ್ತಿತ್ತು: ನಂಬಿ ಬಂದು ಒಕ್ಕಲುತನ ಮಾಡಿಕೊಂಡಿರಿ, ಕರಾರಿಗೆ ಮೀರಿ ಕೇಳುವುದಿಲ್ಲ. ಊರಿನ ಪಾಟೀಲ ಆ ಕಾಗದವನ್ನು ಬಿದಿರುಗೊಳವೆಯಲ್ಲಿ ಸುತ್ತಿಟ್ಟರೆ ಅದೇ ಊರಿನ ಆಯುಷ್ಯ.

ತಗಾವಿಯ ರೀತಿ ಬೇರೆ. ಎತ್ತು ಸತ್ತವನಿಗೆ ಎತ್ತು, ಬೀಜ ತಿಂದು ತೀರಿಸಿದವನಿಗೆ ಬೀಜ, ಬಾವಿ ತೋಡುವವನಿಗೆ ಒಂದಿಷ್ಟು ರೊಕ್ಕ. ಕೊಡುವಾಗ ಪಾಟೀಲ, ಕುಲಕರ್ಣಿ ಜಾಮೀನು; ವಸೂಲಿಯ ಕಾಲಕ್ಕೂ ಅವರೇ ಮುಂದೆ. ಸುಗ್ಗಿಯ ಕಣವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಸೆಗಣಿ ಸಾರಿಸಿದ ನೆಲ, ನಡುವೆ ಮೇಟಿ, ಹಂತಿ ಹೊಡೆದು ತೂರಿದ ಜೋಳದ ರಾಶಿ. ರಾಶಿ ಆಯಿತೆಂದರೆ ರಯತನದ್ದಾಗಲಿಲ್ಲ. ಸರ್ಕಾರದ ಆಳು ಬಂದು ರಾಶಿಯ ಸುತ್ತ ಹಸಿಮಣ್ಣಿನ ಮುದ್ರೆ ಒತ್ತಿಹೋಗುತ್ತಿದ್ದ. ಒಂದು ಸೇರು ಜೋಳ ಜಾರಿದರೂ ಮುದ್ರೆ ಬಿರಿದು ಗೊತ್ತಾಗಬೇಕು. ಆಯದವರ ಪಾಲು, ಗುಡಿಯ ಪಾಲು, ಸರ್ಕಾರದ ಪಟ್ಟಿ, ತಗಾವಿಯ ಕಂತು ಎಲ್ಲ ಗೊತ್ತಾಗುವ ತನಕ ರಾಶಿಯ ಒಡೆಯ ಅದರ ಕಾವಲುಗಾರ ಮಾತ್ರ. ಬಲ ಕೊಟ್ಟ ಕೈಯೇ ಮುದ್ರೆಯನ್ನೂ ಒತ್ತಿತು. ಉಳಿದದ್ದು ಹಗೇವಿಗೆ, ಹಗೇವು ತುಂಬದಿದ್ದರೆ ಮರುವರ್ಷ ಸಾಹುಕಾರನ ಬಾಗಿಲಿಗೆ.

ವಾಗಣಗೇರಿ ಹೋದ ಮೇಲೆ ನಾಯಕರ ನೆಲೆ ಸುರಪುರವಾಯಿತು. ಗುಡ್ಡಗಳ ನಡುವಿನ ಆ ಊರಿಂದ ಅವರು ಒಂದೂವರೆ ಶತಮಾನ ಆಳಿದರು, ಮೇಲೆ ಹೈದರಾಬಾದಿನ ನಿಜಾಮನಿಗೆ ಪೇಶ್ಕಶ್ ಎಂಬ ಕಪ್ಪ ಕಟ್ಟುತ್ತ. ಪೇಶ್ಕಶ್ ಸಾಲದೆಂದು ಪಟ್ಟಕ್ಕೆ ಬರುವಾಗ ನಜರಾಣೆ. ಬಾಕಿ ಬೆಳೆದಂತೆ ಸಾಲ, ಸಾಲ ಬೆಳೆದಂತೆ ಹಳ್ಳಿಗಳ ಮೇಲೆ ಹೊರೆ. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಎಳೆಯ. ರಾಣಿ ಈಶ್ವರಮ್ಮ ಒಂದು ಕಡೆ, ಅರಸನ ತಮ್ಮ ಪಿಡ್ಡನಾಯಕ ಇನ್ನೊಂದು ಕಡೆ. ಈ ಜಗಳದ ನಡುವೆ, 1840ರ ದಶಕದ ಆರಂಭದಲ್ಲಿ, ಫಿಲಿಪ್ ಮೆಡೋಸ್ ಟೇಲರ್ ಆಡಳಿತ ನೋಡಿಕೊಳ್ಳಲು ಸುರಪುರಕ್ಕೆ ಬಂದ. ಹದಿನೈದನೆಯ ವಯಸ್ಸಿಗೆ ಹೊಟ್ಟೆಪಾಡಿಗಾಗಿ ಮುಂಬಯಿಗೆ ಹಡಗು ಹತ್ತಿದ್ದ ಹುಡುಗ, ನಿಜಾಮನ ಸೈನ್ಯದಲ್ಲಿ ಬೆಳೆದು, 1839ರಲ್ಲಿ ಠಕ್ಕರ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರಾಗಿದ್ದ. ಊರಿನ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಇಂದಿಗೂ ‘ಟೇಲರ್ ಮಂಜಿಲ್’.

ಟೇಲರನನ್ನು ಹೊಗಳುವುದು ನಮ್ಮಲ್ಲಿ ಒಂದು ರೂಢಿಯಾಗಿದೆ. ಅವನ ಆಡಳಿತದ ಬಗ್ಗೆ ನಮಗಿರುವ ದೊಡ್ಡ ಸಾಕ್ಷಿ ಅವನೇ ಬರೆದ ಆತ್ಮಕಥೆ; ಅವನು 1876ರಲ್ಲಿ ತೀರಿಕೊಂಡ ಮರುವರ್ಷ ಅದು ಅಚ್ಚಾಯಿತು. ತನ್ನ ಕಥೆಯಲ್ಲಿ ತಾನೇ ಕೆಟ್ಟವನಾಗುವ ಲೇಖಕ ಅಪರೂಪ. ಅಷ್ಟು ಕಳೆದರೂ ಉಳಿಯುವುದು ಕಡಿಮೆಯೇನಲ್ಲ. ಲೆಕ್ಕವಿಲ್ಲದ ಸಂಸ್ಥಾನಕ್ಕೆ ಲೆಕ್ಕ ಬಂತು. 1853ರಲ್ಲಿ ವಯಸ್ಸಿಗೆ ಬಂದ ವೆಂಕಟಪ್ಪ ನಾಯಕನ ಕೈಗೆ ಅವನು ಒಪ್ಪಿಸಿದ್ದು ಸಾಲದ ಹೊರೆ ಇಳಿದ ಸಂಸ್ಥಾನ. ಮತ್ತೆ, ನೀರು ಬಂತು.

ಸುರಪುರಕ್ಕೆ ಸಮೀಪದ ಬೋನಾಳ ಕೆರೆ ನಾಯಕರ ಕಾಲದ್ದು. ಟೇಲರ್ ಅದನ್ನು ಹೆಚ್ಚಿಸಿ ಭದ್ರಪಡಿಸಿದ. ಕೆರೆಗೆ ಹಾಕಿದ ಹಣ ತಗಾವಿಯಂತಲ್ಲ. ತಗಾವಿ ಒಬ್ಬೊಬ್ಬನ ಹೆಸರಿಗೆ ಬರುತ್ತದೆ, ಒಬ್ಬೊಬ್ಬನ ಕಣದಲ್ಲಿ ವಸೂಲಾಗುತ್ತದೆ. ಕೆರೆಯ ಹಣ ಏರಿಯ ಮಣ್ಣಾಗಿ ನಿಂತುಬಿಡುತ್ತದೆ. ಒಳಮೈಗೆ ಕಲ್ಲು ಹೊದೆಸಿದ ಏರಿ, ಅದರಡಿಯಲ್ಲಿ ತೂಬು, ತೂಬಿನಿಂದ ಹೊರಟ ಕಾಲುವೆ; ಯಾರ ಗದ್ದೆಗೆ ಯಾವ ಸರದಿ ಎಂದು ನೋಡಿಕೊಳ್ಳಲು ಒಬ್ಬ ನೀರಗಂಟಿ. ಮೇಲಿನ ಗದ್ದೆಯವನು ಎರಡು ಹಾರೆ ಮಣ್ಣು ಹೆಚ್ಚಿಗೆ ಕಡಿದರೆ ಕೊನೆಯ ಗದ್ದೆಯವನ ಭತ್ತ ಒಣಗುತ್ತದೆ. ಆದ್ದರಿಂದ ಕೆರೆ ಬಂದಲ್ಲೆಲ್ಲ ಕಟ್ಟಳೆಯೂ ಬಂತು, ಮತ್ತು ಈ ಕಟ್ಟಳೆಯನ್ನು ಊರವರು ಅಷ್ಟಾಗಿ ಶಪಿಸಲಿಲ್ಲ. ಅದರ ಕಾರಣ ಕಣ್ಣೆದುರಿಗೇ ತೂಬಿನ ಬಾಯಲ್ಲಿ ಹರಿಯುತ್ತಿತ್ತು.

ಮುಂದಿನದು ತಿಳಿದ ಕಥೆ. 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಅವರ ಕಡೆಯ ಕ್ಯಾಪ್ಟನ್ ನ್ಯೂಬೆರ್ರಿ ಸತ್ತ, ಊರು ಬಿತ್ತು, ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸೆರೆಯಾದ. ಅದೇ ವರ್ಷದ ಮೇ ತಿಂಗಳಲ್ಲಿ ಸೆರೆಯ ದಾರಿಯಲ್ಲೇ ಗುಂಡೇಟಿನಿಂದ ಅವನ ಸಾವು. ಟೇಲರ್ ಮತ್ತೊಮ್ಮೆ ಬಂದ, ಈ ಸಲ ಒಡೆಯನಿಲ್ಲದ ಸಂಸ್ಥಾನಕ್ಕೆ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಬಿಟ್ಟುಕೊಟ್ಟರು. ಅಲ್ಲಿಗೆ ನಾಯಕರ ಕೌಲುಗಳಿಗೆ ಬೆಲೆ ಕಟ್ಟುವ ಅಧಿಕಾರ ಹೈದರಾಬಾದಿನ ಕಚೇರಿಗೆ ಹೋಯಿತು.

ಹೈದರಾಬಾದಿನಲ್ಲಿ 1853ರಿಂದ ದಿವಾನನಾಗಿದ್ದವನು ಮೊದಲನೆಯ ಸಾಲಾರ್ ಜಂಗ್. ಅವನಿಗಿಂತ ಮುಂಚೆ ಪರಗಣೆಗಳ ಕಂದಾಯ ಇಜಾರಕ್ಕೆ ಹೋಗುತ್ತಿತ್ತು: ಹೆಚ್ಚು ಕೂಗಿದವನಿಗೆ ವಸೂಲಿಯ ಹಕ್ಕು, ಅವನು ಕೂಗಿದ್ದಕ್ಕಿಂತ ಹೆಚ್ಚು ರಯತನಿಂದ ಹಿಂಡುವುದು ಅವನ ಜಾಣತನ. ಸಾಲಾರ್ ಜಂಗ್ ಅದನ್ನು ಕಿತ್ತುಹಾಕಿ ಸಂಬಳದ ಅಧಿಕಾರಿಗಳನ್ನು ನೇಮಿಸಿದ. 1865ರ ಜಿಲಾಬಂದಿಯಲ್ಲಿ ರಾಜ್ಯ ಜಿಲ್ಲೆಗಳಾಗಿ ಹಂಚಿಕೆಯಾಯಿತು, ಜಿಲ್ಲೆಗೆ ಅವ್ವಲ್ ತಾಲೂಕುದಾರ ಬಂದ. ಶಹಾಪುರ, ಸುರಪುರಗಳು ಲಿಂಗಸೂಗೂರು ಜಿಲ್ಲೆಯಲ್ಲಿದ್ದವು. 1905ರಲ್ಲಿ ಆ ಜಿಲ್ಲೆಯನ್ನೇ ಒಡೆದಾಗ ಕಲಬುರಗಿ ಜಿಲ್ಲೆಗೆ ಸೇರಿದವು. ಹೊಲಕ್ಕೆ ಸರಪಳಿ ಬಂತು, ಸರ್ವೆ ನಂಬರು ಬಂತು, ದವಸದ ಬದಲು ರೊಕ್ಕದ ಪಟ್ಟಿ ಬಂತು.

ಇದು ಸುಧಾರಣೆಯೇ, ಸಂಶಯವಿಲ್ಲ. ಆದರೆ ರಾಶಿಯಲ್ಲಿ ಪಾಲು ಕೇಳುವ ಸರ್ಕಾರಕ್ಕೆ ಮಳೆ ತಪ್ಪಿದ್ದು ತಾನಾಗಿಯೇ ತಿಳಿಯುತ್ತಿತ್ತು; ರಾಶಿ ಸಣ್ಣದಾದರೆ ಅದರ ಪಾಲೂ ಸಣ್ಣದು. ಎಕರೆಗೆ ಇಷ್ಟು ಎಂದು ರೊಕ್ಕ ಗೊತ್ತುಮಾಡಿದ ಸರ್ಕಾರಕ್ಕೆ ಮಳೆಯ ಸುದ್ದಿಯನ್ನು ಯಾರಾದರೂ ಅರ್ಜಿ ಬರೆದು ಹೇಳಬೇಕಿತ್ತು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, 1876ರಿಂದ 78ರ ತನಕ, ಈ ಸೀಮೆ ತತ್ತರಿಸಿತು. ಪಟ್ಟಿಗೆ ನಿಜಾಮನ ‘ಹಾಲಿ ಸಿಕ್ಕ’ ರೂಪಾಯಿ ಬೇಕು, ರೂಪಾಯಿ ಇದ್ದದ್ದು ಸಾಹುಕಾರನಲ್ಲಿ. ಅವನು ಮಣ್ಣಿನ ಮುದ್ರೆ ಒತ್ತಲಿಲ್ಲ, ಹೆಬ್ಬೆಟ್ಟು ಒತ್ತಿಸಿಕೊಂಡ. ಆಚೆ ಬ್ರಿಟಿಷ್ ಸೀಮೆಯಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲೇ ರೈತರಿಗೆ ಸಾಲ ಕೊಡುವ ಸಹಕಾರ ಸಂಘ ಹುಟ್ಟಿತು. ನಿಜಾಮನ ರಾಜ್ಯಕ್ಕೆ ಸಹಕಾರ ಸಂಘಗಳ ಕಾಯಿದೆ ಬಂದದ್ದು 1914ರಲ್ಲಿ. ಕಾಯಿದೆ ಬಂದ ಮಾತ್ರಕ್ಕೆ ಸಾಹುಕಾರನ ಬಾಗಿಲು ಮುಚ್ಚಲಿಲ್ಲ.

ಈ ಹೊತ್ತಿಗೆ ಕೌಲು ಎಂಬ ಮಾತು ತನ್ನ ಹಳೆಯ ಪದವಿಯಿಂದ ಇಳಿದಿತ್ತು. ದೊರೆ ರಯತನಿಗೆ ಕೊಡುತ್ತಿದ್ದ ವಚನ ಈಗ ಹೊಲದ ಒಡೆಯ ಉಳುವವನ ಜೊತೆ ಮಾಡಿಕೊಳ್ಳುವ ಗೇಣಿಯ ಕರಾರಾಗಿತ್ತು. ಪಟ್ಟೆ ಒಬ್ಬನ ಹೆಸರಿಗೆ, ನೇಗಿಲು ಇನ್ನೊಬ್ಬನ ಕೈಯಲ್ಲಿ. ಹೀಗೆ ಪಟ್ಟೇದಾರನ ಕೆಳಗಿದ್ದವನಿಗೆ ದಫ್ತರದಲ್ಲಿ ಶಿಕ್ಮಿದಾರ ಎಂದು ಹೆಸರು. ಶಿಕಮ್ ಎಂದರೆ ಹೊಟ್ಟೆ. ಇನ್ನೊಬ್ಬರ ಹೊಟ್ಟೆಯೊಳಗಿನ ರಯತ! ಹೆಸರಿಟ್ಟ ಮುನ್ಷಿ ಯಾರೋ, ಸುಳ್ಳಂತೂ ಹೇಳಲಿಲ್ಲ. ಫಸಲಿ 1354ರಲ್ಲಿ, ಅಂದರೆ 1945ರ ಹೊತ್ತಿಗೆ, ಅಸಾಮಿ ಶಿಕ್ಮಿ ಕಾಯಿದೆಯೊಂದು ಬಂದು ಅವನಿಗೆ ಅಷ್ಟಿಷ್ಟು ನೆರಳು ಕೊಡಲು ನೋಡಿತು. ಯುದ್ಧದ ಕಾಲ ಅದು, ಲೆವಿ ಜೋಳ ಅಳೆಯುವ ಕಾಲ. ಕಣಕ್ಕೆ ಸರ್ಕಾರದ ಆಳು ಮತ್ತೆ ಬಂದಿದ್ದ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ, ನಿಜಾಮನ ಆಳ್ವಿಕೆ ಮುಗಿಯಿತು. ಮರುವರ್ಷ ಜಹಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದ್ ಗೇಣಿ ಮತ್ತು ಕೃಷಿ ಜಮೀನು ಕಾಯಿದೆ ಬಂತು. ಅದರ ಮುಖ್ಯ ಮಾತು ‘ರಕ್ಷಿತ ಕೌಲುದಾರ’. ಒಡೆಯನ ಮನೆಯ ಗುಲಾಮನಾಗಿದ್ದ ಮಾತು ಮತ್ತೆ ಸರ್ಕಾರದ ಬಾಯಿಗೆ ಬಂತು. ಫಸಲಿ 1342ರಿಂದ 1352ರ ಒಳಗೆ ಸತತವಾಗಿ ಆರು ವರ್ಷ ಹೊಲ ಉಳುತ್ತಿದ್ದವನನ್ನು ಎಬ್ಬಿಸುವಂತಿಲ್ಲ ಎಂಬುದು ಅದರ ಕಟ್ಟಳೆಗಳಲ್ಲೊಂದು. ಆರು ವರ್ಷ ಉಳುವುದು ಕಷ್ಟವಲ್ಲ, ಉತ್ತದ್ದನ್ನು ತೋರಿಸುವುದು ಕಷ್ಟ. ತೋರಿಸಬೇಕಾದದ್ದು ಪಹಣಿ, ಅದು ಇದ್ದದ್ದು ಊರಿನ ಲೆಕ್ಕ ಬರೆಯುವ ಪಟವಾರಿಯ ಮನೆಯ ಗಂಟಿನಲ್ಲಿ. ಮೇಲಿನ ಕಚೇರಿಯ ಭಾಷೆ ಉರ್ದು, ಉತ್ತವನದು ಕನ್ನಡ, ಅದೂ ಬಾಯಲ್ಲಿ ಮಾತ್ರ. ರುಮಾಲು ಕಳಚಿ ಕಂಕುಳಲ್ಲಿಟ್ಟುಕೊಂಡು, ಪಟವಾರಿಯ ಕಟ್ಟೆಯ ಕೆಳಗೆ ಕುಕ್ಕುರುಗಾಲಲ್ಲಿ ಕುಂತು, ಅವನು ಹಾಳೆ ಮಗುಚುವುದನ್ನೇ ನೋಡುತ್ತಿದ್ದ. ಬಲಗಡೆಯಿಂದ ಎಡಗಡೆಗೆ ಹರಿದ ಆ ಸಾಲುಗಳಲ್ಲಿ ಯಾವುದು ತನ್ನ ಹೆಸರೆಂದು ಅವನಿಗೆ ತಿಳಿಯುವಂತಿರಲಿಲ್ಲ. ಪಟವಾರಿಯ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಅವನ ಹೊಲ.