ಬಳ್ಳಾರಿ ರಾಘವರ ಚಿತ್ರಜೀವನ: ಕಾಲನಿರ್ಣಯ ಕುರಿತ ಒಂದು ಟಿಪ್ಪಣಿ

1. ವ್ಯಾಪ್ತಿ

ತಾಡಪತ್ರಿ ರಾಘವಾಚಾರ್ಯರು (2 ಆಗಸ್ಟ್ 1880 – 16 ಏಪ್ರಿಲ್ 1946) ವೃತ್ತಿಯಿಂದ ವಕೀಲರು. ಬಳ್ಳಾರಿಯ ರಂಗಭೂಮಿಗೆ ಅವರನ್ನು ತಂದದ್ದು ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ. ಅವರ ಚಿತ್ರಜೀವನದ ಮಿತಿಯನ್ನು ಗುರುತಿಸುವುದಷ್ಟೇ ಈ ಟಿಪ್ಪಣಿಯ ಉದ್ದೇಶ.

2. ಚಿತ್ರಗಳು

ಖಚಿತವಾಗಿ ಹೆಸರಿಸಬಹುದಾದ ಚಿತ್ರಗಳು ಮೂರು, ಮೂರೂ ತೆಲುಗಿನವು: ‘ದ್ರೌಪದೀ ಮಾನಸಂರಕ್ಷಣಂ’ (1936), ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶನದ ‘ರೈತು ಬಿಡ್ಡ’ (1939), ‘ಚಂಡಿಕಾ’ (1940). ಮೊದಲ ಚಿತ್ರದ ವೇಳೆಗೆ ರಾಘವರಿಗೆ 55 ತುಂಬಿತ್ತು. ಈ ಚಿತ್ರದ ವಿಷಯದಲ್ಲಿ ಗೊಂದಲಕ್ಕೆ ಆಸ್ಪದವಿದೆ. ಅದೇ ಕಥೆಯ ‘ದ್ರೌಪದೀ ವಸ್ತ್ರಾಪಹರಣಂ’ ಕೂಡ 1936ರದೇ. ಅದರ ದುರ್ಯೋಧನ ಯಡವಲ್ಲಿ ಸೂರ್ಯನಾರಾಯಣ. ರಾಘವರ ದುರ್ಯೋಧನ ‘ಮಾನಸಂರಕ್ಷಣಂ’ನಲ್ಲಿ ಮಾತ್ರ. ಶೀರ್ಷಿಕೆ ನೋಡದೆ ಪಾತ್ರ ಮತ್ತು ವರ್ಷಗಳನ್ನಷ್ಟೇ ನಮೂದಿಸಿದರೆ ಒಬ್ಬರ ಅಭಿನಯ ಇನ್ನೊಬ್ಬರ ಖಾತೆಗೆ ಸೇರುವ ಸಂಭವವಿದೆ. ‘ರೈತು ಬಿಡ್ಡ’ದಲ್ಲಿ ಅವರದು ರೈತನ ಪಾತ್ರ, ಜಮೀನ್ದಾರಿ ಪದ್ಧತಿಯನ್ನು ಟೀಕಿಸಿದ ಆ ಚಿತ್ರ ಜಮೀನ್ದಾರರ ವಿರೋಧವನ್ನೂ ಎದುರಿಸಿತು. ಪೌರಾಣಿಕ ಪಾತ್ರದಿಂದ ಸಾಮಾಜಿಕ ಪಾತ್ರಕ್ಕೆ ಬಂದ ಈ ಹೆಜ್ಜೆಯೇ, ನಮ್ಮ ಅಭಿಪ್ರಾಯದಲ್ಲಿ, ಅವರ ಚಿತ್ರಜೀವನದ ಮುಖ್ಯಾಂಶ.

3. ಇಂಗ್ಲೆಂಡ್ ಪ್ರಸಂಗ

1928ರ ಯುರೋಪ್ ಪ್ರವಾಸದಲ್ಲಿ ರಾಘವರು ಲಾರೆನ್ಸ್ ಒಲಿವಿಯರ್, ಚಾರ್ಲ್ಸ್ ಲಾಟನ್ ಜೊತೆ ನಟಿಸಿದರೆಂಬ ಹೇಳಿಕೆ ವ್ಯಾಪಕವಾಗಿದೆ. ಒಲಿವಿಯರ್ ಹುಟ್ಟಿದ್ದು 1907ರಲ್ಲಿ, ಲಾಟನ್ 1899ರಲ್ಲಿ. ಲಾಟನ್ ವೃತ್ತಿರಂಗಕ್ಕೆ ಬಂದದ್ದು 1926ರಲ್ಲಿ. ಆದ್ದರಿಂದ ಹೇಳಿಕೆ ಅಸಾಧ್ಯವಲ್ಲ. ಆದರೆ ಇಬ್ಬರೂ ಆಗ ಹೊಸಬರು, 48ರ ಆಸುಪಾಸಿನ ರಾಘವರೇ ಹಿರಿಯರು. ಮುದ್ರಿತ ರಂಗಪತ್ರ ದೊರೆಯುವವರೆಗೆ ಇದನ್ನು ‘ಪ್ರತೀತಿ’ ಎಂದೇ ನಮೂದಿಸುವುದು ಯುಕ್ತ.

4. ಪ್ರಾದೇಶಿಕ ಗುರುತು

ರಾಘವರ ಕಾಲದ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1 ಅಕ್ಟೋಬರ್ 1953ರಂದು ಸಿರುಗುಪ್ಪ ತಾಲ್ಲೂಕು ಮತ್ತು ಕುರುಗೋಡನ್ನೊಳಗೊಂಡ ಬಳ್ಳಾರಿ ತಾಲ್ಲೂಕು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಅದಕ್ಕೆ ಏಳು ವರ್ಷ ಮೊದಲೇ ತೀರಿಕೊಂಡ ನಟರಿಗೆ ಇಂದಿನ ಯಾವುದೇ ರಾಜ್ಯದ ಗುರುತನ್ನು ಹಿಂದಿನಿಂದ ಅಂಟಿಸುವುದು ಕಾಲದೋಷ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಮನೆಗಳಲ್ಲಿ ಹಳೆಯ ನಾಟಕದ ಕರಪತ್ರ ಅಥವಾ ಚಿತ್ರದ ಹಾಡಿನ ಪುಸ್ತಕಗಳಿದ್ದರೆ, ಅವುಗಳ ಮೇಲಿನ ದಿನಾಂಕ ಮತ್ತು ಪಾತ್ರವರ್ಗದ ಯಾದಿಯನ್ನು ಯಥಾವತ್ತಾಗಿ ನಕಲು ಮಾಡಿಡಬೇಕೆಂದು ವಿನಂತಿ.