ಹೊಗೆಸೊಪ್ಪಿನೊಳಗಿನ ಲೋಹ: ಹಳಿಯಾಳ–ಜೋಯಿಡಾ ಸೀಮೆಯ ಒಂದು ಅವಲೋಕನ

ಹೊರಗಿನಿಂದ ಬಂದ ವಸ್ತುವಿಗೆ ಜನಪದರು ಇಡುವ ಹೆಸರು ಆ ವಸ್ತುವಿನ ಬಗೆಗಿನ ಅವರ ತಿಳಿವಳಿಕೆಯನ್ನೂ ಸೂಚಿಸುತ್ತದೆ. ‘ತಂಬಾಕು’ ಎಂಬ ಶಬ್ದ ಪೋರ್ಚುಗೀಸರೊಡನೆ ಬಂದುದು. ‘ಹೊಗೆಸೊಪ್ಪು’ ಕನ್ನಡಿಗರೇ ಕಟ್ಟಿಕೊಂಡುದು. ಉತ್ತರ ಕನ್ನಡದಲ್ಲಿ ಸೊಪ್ಪೆಂದರೆ ಅಡುಗೆಗೆ ಬರುವಂಥದು, ಕೊಟ್ಟಿಗೆಗೆ ಹಾಸುವಂಥದು, ತೋಟಕ್ಕೆ ಗೊಬ್ಬರವಾಗುವಂಥದು; ಒಟ್ಟಿನಲ್ಲಿ ಮಣ್ಣಿನ ಸಾರವನ್ನು ಹೊತ್ತದ್ದು. ಹೊಗೆಸೊಪ್ಪು ಹೀರುವ ಸಾರದಲ್ಲಿ ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್‌ಗಳೂ ಇವೆ ಎಂಬುದು ಈ ಲೇಖನದ ವಿಷಯ.

ಕನ್ನಡ ನೆಲದಲ್ಲಿ ಈ ಸೊಪ್ಪಿನ ಚರಿತ್ರೆ ಹಳೆಯದು. ಅಕ್ಬರನ ರಾಯಭಾರಿಯಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ತಂಬಾಕನ್ನು ಕಂಡು, 1604-05ರ ಸುಮಾರಿಗೆ ಆಗ್ರಾಕ್ಕೆ ಒಯ್ದನು. ಪರೀಕ್ಷಿಸದ ವಸ್ತುವೆಂದು ಆಸ್ಥಾನ ವೈದ್ಯನು ಆಕ್ಷೇಪಿಸಿದುದನ್ನು ಅವನೇ ದಾಖಲಿಸಿದ್ದಾನೆ. 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದರೂ ಫಲವಾಗಲಿಲ್ಲ.

ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಸಿದ್ದಿ, ಕುಣಬಿ, ಗೌಳಿ ಸಮುದಾಯಗಳಲ್ಲಿ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಮುಂದಿಡುವುದು ಅತಿಥಿಗೆ ಸಲ್ಲಿಸುವ ಮರ್ಯಾದೆ. ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟಿಯನ್ನರ ಮಠಗಳಲ್ಲಿ ಮಾತ್ರ ಧೂಮಪಾನ ವರ್ಜ್ಯ. ಇದಕ್ಕೆ ತದ್ವಿರುದ್ಧವಾಗಿ, ಕಾಳಿ ನದಿ ಸಮುದ್ರ ಸೇರುವ ಕಾರವಾರದಲ್ಲಿ ಖಾಪ್ರಿ ದೇವನಿಗೆ ಭಕ್ತರು ಸಿಗರೇಟನ್ನೇ ಅರ್ಪಿಸುತ್ತಾರೆ. ಈತ ಆಫ್ರಿಕಾದಿಂದ ಬಂದವನೆಂಬುದು ಸ್ಥಳೀಯರ ನಂಬಿಕೆ. ಮನುಷ್ಯರಿಗೆ ಪ್ರಿಯವಾದುದು ದೇವರಿಗೂ ಪ್ರಿಯವೆಂಬ ನ್ಯಾಯ ಇಲ್ಲಿನದು.

ದಾಂಡೇಲಿಯ ಕಥೆ ಬೇರೆ. ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ 1955ರಲ್ಲಿ ಸ್ಥಾಪನೆಯಾಗಿ 1959ರಲ್ಲಿ ಉತ್ಪಾದನೆ ಆರಂಭಿಸಿತು. ಸುತ್ತಣ ಕಾಡಿನಲ್ಲಿ ಮ್ಯಾಂಗನೀಸ್ ಅದಿರನ್ನು ತೆಗೆದರು. ಊರಿನಲ್ಲಿ ಫೆರೋಮ್ಯಾಂಗನೀಸ್ ತಯಾರಾಯಿತು. ನಾನಾ ಭಾಷೆಗಳ ಕೂಲಿಕಾರರು ಬಂದು ಸೇರಿದರು. ಇಂಥ ಊರಿನಲ್ಲಿ ಎಲೆಯಡಿಕೆಯ ಸಂಚಿಗಿಂತ ಅಂಗಿಯ ಜೇಬಿನ ಸಿಗರೇಟು ಪೊಟ್ಟಣವೇ ಸಂಬಳದ ಕುರುಹಾಗಿ ಕಾಣಿಸುತ್ತದೆ.

ಹೊಗೆಸೊಪ್ಪಿನ ಗಿಡವು ಮಣ್ಣಿನ ಕ್ಯಾಡ್ಮಿಯಂ ಅನ್ನು ಬೇರಿನಿಂದ ಸೆಳೆದು ಎಲೆಯಲ್ಲಿ ಶೇಖರಿಸುತ್ತದೆ. ಮಣ್ಣು ಹುಳಿಯಾದಷ್ಟೂ ಈ ಸೆಳೆತ ಹೆಚ್ಚು. ರಂಜಕಯುಕ್ತ ರಸಗೊಬ್ಬರದಲ್ಲಿಯೂ ಈ ಲೋಹ ಬೆರೆತಿರುತ್ತದೆ. ಒಂದು ಸಿಗರೇಟಿನಲ್ಲಿ ಸಾಮಾನ್ಯವಾಗಿ 1ರಿಂದ 2 ಮೈಕ್ರೊಗ್ರಾಂ ಇರುವ ಇದರ ಹತ್ತನೆಯ ಒಂದು ಭಾಗದಷ್ಟು ಸೇದುವವನ ಒಳಗೆ ಹೋಗುತ್ತದೆ. ಅಲ್ಪವೆನಿಸಬಹುದು, ಆದರೆ ಜಠರಕ್ಕಿಂತ ಶ್ವಾಸಕೋಶ ಇದನ್ನು ಬಹಳ ಸುಲಭವಾಗಿ ಹೀರುತ್ತದೆ, ಮೂತ್ರಪಿಂಡದಲ್ಲಿ ಕೂತದ್ದು ಅರ್ಧಕ್ಕಿಳಿಯಲು 10ರಿಂದ 30 ವರ್ಷ ಬೇಕು. ಸೇದುವವರ ರಕ್ತದಲ್ಲಿ ಇದರ ಪ್ರಮಾಣ ಸೇದದವರಿಗಿಂತ ನಾಲ್ಕೈದು ಪಟ್ಟು ಹೆಚ್ಚಿರುತ್ತದೆ. 1993ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಕ್ಯಾಡ್ಮಿಯಂ ಅನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು.

ಕಾಳಿಯ ದಂಡೆಯಲ್ಲಿ ವಿಷವೆಂದರೆ ನೀರಿನ ಮಾತು, ದೂಳಿನ ಮಾತು. ಅದು ನಿರಾಧಾರವಾದ ಭಯವಲ್ಲ. ಜಪಾನಿನ ಜಿಂಜು ನದಿಯ ನೀರುಂಡ ಭತ್ತದಿಂದ ಬಂದ ‘ಇತಾಯಿ-ಇತಾಯಿ’ ರೋಗಕ್ಕೆ ಗಣಿಯ ಕ್ಯಾಡ್ಮಿಯಂ ಕಾರಣವೆಂದು 1968ರಲ್ಲಿ ಅಲ್ಲಿನ ಸರ್ಕಾರ ಒಪ್ಪಿತು. ಆದರೆ ಕಾರ್ಮಿಕನ ರಕ್ತದ ಲೋಹದಲ್ಲಿ ಕಾರ್ಖಾನೆಯ ಪಾಲೆಷ್ಟು, ಸಿಗರೇಟಿನ ಪಾಲೆಷ್ಟು ಎಂಬುದನ್ನು ಸೇದಿದ ಲೆಕ್ಕವಿಲ್ಲದೆ ಬಿಡಿಸಲಾಗದು. ಈ ಲೆಕ್ಕ ಇಲ್ಲದಿದ್ದಾಗ ಎರಡು ಅನ್ಯಾಯ ಸಾಧ್ಯ: ‘ನೀನು ಸೇದುತ್ತಿದ್ದೆಯಲ್ಲ’ ಎಂದು ದೂಳನ್ನು ಮರೆಸಬಹುದು, ನದಿಯನ್ನು ದೂರಿ ಸಿಗರೇಟನ್ನು ಮರೆಯಬಹುದು.

ಇಲ್ಲಿ ಜಾನಪದ ಸಂಶೋಧಕರ ಪಾತ್ರವೂ ನಿರ್ದೋಷವಲ್ಲ. ಹಾಡು, ಕಥೆ ಸಂಗ್ರಹಿಸಲು ಹೋಗುವಾಗ ವಕ್ತೃಗಳಿಗೆಂದು ಬೀಡಿಕಟ್ಟು, ಸಿಗರೇಟು ಒಯ್ಯುವುದು ನಮ್ಮಲ್ಲಿ ರೂಢಿ. ನಾನೂ ಒಯ್ದಿದ್ದೇನೆ. ಕೆಮ್ಮಿನಿಂದ ಹಾಡು ಅರ್ಧಕ್ಕೆ ನಿಂತಾಗ ಧ್ವನಿಮುದ್ರಣ ಯಂತ್ರವನ್ನು ನಿಲ್ಲಿಸಿ ಕಾದಿದ್ದೇನೆ. ಆ ಕೆಮ್ಮನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಲಿಲ್ಲ. ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರು ತುಂಬುವ ನಮ್ಮ ವಿವರಪಟ್ಟಿಯಲ್ಲಿ ಇನ್ನೆರಡು ಸಾಲು ಬೇಕು: ಎಲ್ಲಿ, ಎಷ್ಟು ವರ್ಷ ದುಡಿದರು, ಏನನ್ನು, ದಿನಕ್ಕೆ ಎಷ್ಟು ಸೇದಿದರು.